ಸಾಹೇಬರ ಮುಷ್ಟಿಯೊಳಗಿನ ಜೆಟ್

ಕಲ್ಲುಗಣಿಯಲ್ಲಿ ಕೆಟ್ಟು ನಿಂತಿದ್ದ ಹಳೇ ಪೆಟ್ರೋಲ್ ಕ್ರೇನು ಗುಜರಿಗೆ ಮಾರಾಟವಾಗಿತ್ತು. ಗೇಟಿನವರೆಗೆ ಅದು ತಾನೇ ನಡೆದು ಹೋಗಬೇಕೆಂದು ಮ್ಯಾನೇಜರನ ಹಟ. ಮೂವತ್ತು ವರ್ಷ ಅದನ್ನು ಸಾಕಿದ್ದ ಮೆಕ್ಯಾನಿಕ್ ಹುಸೇನಪ್ಪ ಮಂಕಾಗಿ ಇಂಜಿನ್ನಿನ ಕಾರ್ಬೊರೇಟರ್ ಬಿಚ್ಚಿ ಕೂತ.

"ಇನ್ನೂ ಎಷ್ಟೊತ್ತೋ?" ಎಂದು ಮ್ಯಾನೇಜರ್ ತಲೆ ತಿಂದ. ತೊಳೆದಿಟ್ಟ ಭಾಗಗಳನ್ನೆಲ್ಲ ಕೆದಕಿದ.

ಹುಸೇನಪ್ಪ ಹಿತ್ತಾಳೆಯ ಚೂರೊಂದನ್ನು ಅವನ ಅಂಗೈಗಿಟ್ಟ. "ಇದು ಪೆಟ್ರೋಲ್ ಬಿಡೋ ಜೆಟ್ ಸಾಹೇಬ್ರ. ತೂತು ಕೂದಲೆಳೆಯಷ್ಟು. ಮುಷ್ಟಿ ಬಿಗಿ ಹಿಡೀರಿ, ಮಾತಾಡಬ್ಯಾಡ್ರಿ. ಉಸಿರು ತಾಗಿದ್ರೂ ಕೆಡತೈತ್ರಿ."

ಎರಡು ತಾಸು ಮ್ಯಾನೇಜರ್ ಬಿಸಿಲಲ್ಲಿ ಬಾಯಿ ಮುಚ್ಚಿ ನಿಂತ. ಫೋನು ಬಡಕೊಂಡರೂ ಎತ್ತಲಿಲ್ಲ.

ಕ್ರೇನು ಕೆಮ್ಮಿ, ಗುಡುಗಿತು. ಡ್ರೈವರ್ ಅದನ್ನು ಗೇಟಿನತ್ತ ತಿರುಗಿಸಿದ. ಮ್ಯಾನೇಜರ್ ಬೆವೆತ ಮುಷ್ಟಿ ಬಿಚ್ಚಿ ಬೆಚ್ಚಿಬಿದ್ದ. "ಜೆಟ್ ಇಲ್ಲೇ ಐತಲ್ಲೋ!"

"ಅದು ಸವೆದದ್ದು ರೀ. ಹೊಸದು ಆಗಲೇ ಹಾಕೀನಿ." ಗೇಟು ದಾಟುವ ಕ್ರೇನನ್ನೇ ನೋಡುತ್ತ ಹುಸೇನಪ್ಪ ಕೈ ಚಾಚಿದ. "ಇನ್ನ ಅದನ್ನ ನನಗ ಕೊಡ್ರಿ ಸಾಹೇಬ್ರ. ಉಳಿದಿದ್ದು ಅಷ್ಟ."