ಏರಿ ಕೂತ ಹಲ್ಲು

"ಗುರುಗಳೇ, ಒಂದು ಯಂತ್ರ ಸರಿಯಿಲ್ಲವೆಂದರೆ ಅದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದರಲ್ಲಿ ತಪ್ಪೇನಿದೆ?" ಎಂದು ಶಿಷ್ಯ ಚನ್ನವೀರ ಮಠದ ಗುರುಗಳನ್ನು ಕೇಳಿದ.

ಮಠದ ಹಿಂದಿನ ಗುರುಗಳನ್ನು ಎಲ್ಲರೂ ದೊಡ್ಡಯ್ಯನವರು ಎನ್ನುತ್ತಿದ್ದರು. ಅವರು ಲಿಂಗೈಕ್ಯರಾಗಿ ಕೆಲವು ವರ್ಷಗಳಾಗಿದ್ದವು. ಅವರ ಪುಣ್ಯಸ್ಮರಣೆಯ ದಿನ ಭಕ್ತರಿಗೆ ತೋರಿಸಲೆಂದು ಚನ್ನವೀರ ಎಐ ಆ್ಯಪಿನಲ್ಲಿ ಒಂದು ವಿಡಿಯೊ ಮಾಡಿದ್ದ. ಅದರಲ್ಲಿ ದೊಡ್ಡಯ್ಯನವರು ಎದ್ದು ಬಂದು, ನಕ್ಕು, ಕೈಯೆತ್ತಿ ಹರಸುತ್ತಿದ್ದರು. ಆದರೆ ನಗುವಾಗ ಮುಖ ಕದಡಿದಂತಾಗುತ್ತಿತ್ತು. ಈಗ ಇದಕ್ಕಿಂತ ಒಳ್ಳೆಯ ಆ್ಯಪ್ ಬಂದಿದೆ, ಅದಕ್ಕೆ ಬದಲಾಯಿಸುತ್ತೇನೆ ಎಂದು ಅಪ್ಪಣೆ ಕೇಳಲು ಬಂದಿದ್ದ. ದೊಡ್ಡಯ್ಯನವರ ಕೊನೆಗಾಲದಲ್ಲಿ ಅವರನ್ನು ಕೈಹಿಡಿದು ನಡೆಸಿದವನು ಅವನೇ. ಆ ನಗುವನ್ನು ಸರಿಪಡಿಸಲೇಬೇಕೆಂದು ಹಟ ಹಿಡಿದಿದ್ದ.

ಗುರುಗಳು ವಿಡಿಯೊ ನೋಡಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಸೀರೆ ವ್ಯಾಪಾರಿಯಿದ್ದ. ಅಂಗಡಿಯ ಜಾಹೀರಾತಿಗೆ ಎಐ ವಿಡಿಯೊಗಳನ್ನು ಮಾಡಿಕೊಳ್ಳುತ್ತಿದ್ದ. ಒಂದು ಆ್ಯಪಿನಲ್ಲಿ ಸೆರಗು ಸರಿಯಾಗಿ ಹಾರದಿದ್ದರೆ ಮರುದಿನವೇ ಇನ್ನೊಂದಕ್ಕೆ ಹೋಗುತ್ತಿದ್ದ. ಹಳೆಯದು ಮಾಡಿದ ಚಿತ್ರವನ್ನೇ ಹೊಸದಕ್ಕೆ ಕೊಟ್ಟು, ಇದನ್ನು ಇನ್ನಷ್ಟು ಚೆಂದ ಮಾಡು ಎನ್ನುತ್ತಿದ್ದ. ಅದು ಮಾಡುತ್ತಿತ್ತು. ಸೀರೆಗಳ ವಿಷಯದಲ್ಲಿ ಇದರಿಂದ ಯಾರ ಗಂಟೂ ಹೋಗಲಿಲ್ಲ.

ಮಗಳು ಅಂಬೆಗಾಲಿಡುವಾಗಲೇ ಅವನ ಹೆಂಡತಿ ತೀರಿಕೊಂಡಿದ್ದಳು. ಅವಳ ಮೇಲಿನ ಸಾಲಿನ ಒಂದು ಹಲ್ಲು ಪಕ್ಕದ ಹಲ್ಲಿನ ಮೇಲೆ ಏರಿ ಕೂತಿತ್ತು. ನಾಚಿಕೆಯ ಹೆಂಗಸು. ಫೋಟೊ ತೆಗೆಯುವಾಗ ತುಟಿ ಬಿಗಿಹಿಡಿಯುತ್ತಿದ್ದಳು, ನಾಲ್ಕು ಜನರೆದುರು ನಗು ಬಂದರೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ಬಾಯಿ ತುಂಬ ನಗುತ್ತಿದ್ದದ್ದು ಗಂಡನೆದುರು ಮತ್ತು ಒಡಹುಟ್ಟಿದ ತಂಗಿಯೆದುರು ಮಾತ್ರ. ಹಾಗಾಗಿ ಆ ಹಲ್ಲು ಒಂದು ಫೋಟೊದಲ್ಲೂ ಇರಲಿಲ್ಲ.

ಮಗಳು ಬೆಳೆದಳು. ಅವಳಿಗೂ ಹಲ್ಲು ಹಾಗೆಯೇ ಬಂತು, ಅದೇ ಜಾಗದಲ್ಲಿ, ಅದೇ ಠೀವಿಯಲ್ಲಿ. ಶಾಲೆಯಲ್ಲಿ ಆಡಿಕೊಂಡರೆಂದು ಅಳುತ್ತ ಮನೆಗೆ ಬರುತ್ತಿದ್ದಳು. "ಅದು ನಿನ್ನಮ್ಮ ನಿನಗೆ ಬಿಟ್ಟುಹೋದದ್ದು ಕಣೇ," ಎನ್ನುತ್ತಿದ್ದ ಅಪ್ಪ. ಅಳು ಅಲ್ಲಿಗೆ ನಿಲ್ಲುತ್ತಿತ್ತು. ಕಾಣದ ತಾಯಿಯನ್ನು ಅವಳು ನಾಲಗೆಯ ತುದಿಯಲ್ಲಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಒಂದು ದಿನ ಅವಳು, ಅಮ್ಮ ನಗುವುದನ್ನು ನೋಡಬೇಕು ಎಂದಳು. ವ್ಯಾಪಾರಿ ಆಗಲೇ ಫೋನು ತೆಗೆದ. ಹೆಂಡತಿಯ ಫೋಟೊವನ್ನು ಆ್ಯಪಿಗೆ ಕೊಟ್ಟ. ಪರದೆಯ ಮೇಲೆ ಅವಳು ನಕ್ಕಳು. ಹಲ್ಲುಗಳೆಲ್ಲ ಸಾಲಾಗಿ ಒಪ್ಪವಾಗಿದ್ದವು. "ಇವಳಲ್ಲ," ಎಂದು ಅವನು ರೇಗಿದ. ಹಲ್ಲು ಹೇಗಿತ್ತೆಂದು ಬರೆದು ಬರೆದು ಕೊಟ್ಟ. ಆ್ಯಪ್ ಒಮ್ಮೆ ರಾಕ್ಷಸಿಯ ಕೋರೆ ಹಚ್ಚಿತು, ಒಮ್ಮೆ ಹಲ್ಲನ್ನೇ ಹಾರಿಸಿತು. ಇದು ಕೆಲಸಕ್ಕೆ ಬಾರದ್ದೆಂದು ಅವನು ಬೇರೆ ಆ್ಯಪಿಗೆ ಹೋದ.

ಹೋಗುವಾಗ ಅಂಗಡಿಯ ಅಭ್ಯಾಸವೇ ಕೈಗೆ ಬಂತು. ಫೋಟೊದಲ್ಲಿ ನಗುವೇ ಇಲ್ಲ, ಇದರಲ್ಲಾದರೂ ನಗುತ್ತಿದ್ದಾಳಲ್ಲ ಎಂದು ಹಳೆಯ ಆ್ಯಪ್ ಮಾಡಿದ ಮುಖವನ್ನೇ ಹೊಸದಕ್ಕೆ ಕೊಟ್ಟ. ಹಲ್ಲನ್ನು ಆಮೇಲೆ ತಿದ್ದಿಸಿದರಾಯಿತು ಎಂದುಕೊಂಡ. ಹೊಸದು ಕಣ್ಣಿನ ಹೊಳಪು ತಿದ್ದಿತು. ಅದರ ಮುಖವನ್ನು ಮತ್ತೊಂದಕ್ಕೆ ಕೊಟ್ಟ. ಅದು ದನಿ ಸೇರಿಸಿತು. ಸಲದಿಂದ ಸಲಕ್ಕೆ ಹೆಂಗಸು ಚೆಲುವೆಯಾದಳು, ಹಲ್ಲಿನ ಮಾತು ಹಿಂದಕ್ಕೆ ಬಿತ್ತು. ಅಕ್ಕಪಕ್ಕದವರು ನೋಡಿ, ಜೀವವೇ ಬಂದ ಹಾಗಿದೆ ಎಂದು ಕಣ್ಣೊರೆಸಿಕೊಂಡರು. ಕೊನೆಗೆ ಅವನು ಹಲ್ಲನ್ನು ಕೇಳುವುದನ್ನೇ ಬಿಟ್ಟ. ಊಟಕ್ಕೆ ಕೂತಾಗಲೂ ಅಪ್ಪ ಮಗಳು ಅದನ್ನೇ ನೋಡುತ್ತಿದ್ದರು. ಆ್ಯಪನ್ನು ದೂರಬೇಡ ಚನ್ನವೀರ. ಅದು ಅವಳ ಜೊತೆ ಸಂಸಾರ ಮಾಡಿರಲಿಲ್ಲ. ಇವನು ಮಾಡಿದ್ದ.

ಮಗಳು ಒಂದು ದಿನ ಫೋನು ಹಿಡಿದು ಕನ್ನಡಿಯ ಮುಂದೆ ನಿಂತಳು. "ಅಪ್ಪಾ, ಅಮ್ಮಂಗೆ ಇಂಥ ಹಲ್ಲೇ ಇರ್ಲಿಲ್ಲ. ನನ್ನ ಸಮಾಧಾನಕ್ಕೆ ಸುಳ್ಳು ಹೇಳಿದ್ದೆ, ಅಲ್ವಾ?"

ಅಲ್ಲ ಎನ್ನಲು ವ್ಯಾಪಾರಿ ಬಾಯಿ ತೆರೆದ. ಹೆಂಡತಿಯ ನಗುವನ್ನು ನೆನೆದ. ಕಣ್ಣ ಮುಂದೆ ಬಂದದ್ದು ಫೋನಿನೊಳಗಿನ ನಗು. ಇನ್ನೊಮ್ಮೆ ನೆನೆದ. ಮತ್ತೆ ಅದೇ ಬಂತು. ಮಗುವನ್ನು ಸಂತೈಸಲು ತಾನೇ ಹುಟ್ಟಿಸಿದ ಮಾತಿರಬೇಕು ಎಂದು ಅವನಿಗೇ ಅನ್ನಿಸಿತು.

"ಹೌದೇನೋ ಮಗಾ," ಎಂದ.

ಮಗಳು ಹಲ್ಲು ಕೀಳಿಸಿಕೊಂಡಳು. ಡಾಕ್ಟರ ಬಳಿ ಕರೆದುಕೊಂಡು ಹೋದವನೂ ಅವನೇ. ಉಳಿದ ಹಲ್ಲುಗಳು ತಂತಿಯಿಂದ ಸಾಲಿಗೆ ಬಂದ ಮೇಲೆ, ಈಗ ಅಮ್ಮನ ಹಾಗಾದೆ ಎಂದು ಹುಡುಗಿ ಹಿಗ್ಗಿದಳು.

ಆಮೇಲೆ ಹೆಂಡತಿಯ ತಂಗಿ ಬಂದಳು. ದೂರದ ಊರಿಗೆ ಕೊಟ್ಟಿದ್ದರಿಂದ ವರ್ಷಗಟ್ಟಲೆ ಬರಲಾಗಿರಲಿಲ್ಲ. ಅಕ್ಕನದೇ ಹಲ್ಲು ಮಗುವಿಗೆ ಬಂದಿದೆ ಎಂದು ಭಾವ ಹಿಂದೊಮ್ಮೆ ಫೋನಿನಲ್ಲಿ ಹೇಳಿದ್ದನ್ನು ಅವಳು ಮರೆತಿರಲಿಲ್ಲ. ಹುಡುಗಿ "ಚಿಕ್ಕಮ್ಮಾ" ಎಂದು ಓಡಿಬಂದು ಬಾಯಿ ತುಂಬ ನಕ್ಕಳು. ಚಿಕ್ಕಮ್ಮ ಅವಳ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಅಕ್ಕನ ಹಲ್ಲೆಲ್ಲಿ ಭಾವಾ? ಅದನ್ನ ನೋಡ್ಬೇಕು ಅಂತಾನೇ ಬಂದೆ ನಾನು."

ಹುಡುಗಿ ಅಪ್ಪನ ಮುಖ ನೋಡಿದಳು. ಅವನು ನೆಲ ನೋಡಿದ. ಅಂದಿನಿಂದ ಅವಳು ಆ ವಿಡಿಯೊ ತೆರೆಯಲಿಲ್ಲ. ಅಪ್ಪ ಅಮ್ಮನ ಸುದ್ದಿ ಎತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಅವನ ಯಾವ ಮಾತನ್ನು ನಂಬಬೇಕೆಂದು ಅವಳಿಗೆ ತಿಳಿಯಲಿಲ್ಲ. ಅವನಿಗೂ ತಿಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನಿಗೆ ಆ ವ್ಯಾಪಾರಿಯ ಮೇಲೆ ಸಿಟ್ಟು ಬಂದಿತ್ತು.

"ಅವನು ಪ್ರತಿ ಸಲವೂ ಮೂಲ ಫೋಟೊವನ್ನೇ ಕೊಡಬೇಕಿತ್ತು ಗುರುಗಳೇ. ನಾನು ಹಾಗೆಯೇ ಮಾಡುತ್ತೇನೆ," ಎಂದ.

"ಮಾಡು. ಅದಕ್ಕೆ ಮೊದಲು ಆ ಫೋನನ್ನು ಕೆಳಗಿಟ್ಟು ಹೇಳು, ದೊಡ್ಡಯ್ಯನವರು ಹೇಗೆ ನಗುತ್ತಿದ್ದರು?"

ಚನ್ನವೀರ ಫೋನು ಕೆಳಗಿಟ್ಟ. ಹೇಳಲು ಬಾಯಿ ತೆರೆದ. ಕಣ್ಣ ಮುಂದೆ ಬಂದದ್ದು ವಿಡಿಯೊದೊಳಗಿನ ಕದಡಿದ ನಗು.