ಜೊಳ್ಳುಗಾಣದ ಗುಡ್ಡ

ಊರಿನ ಮೂಡಲಿಗೆ, ಹುಚ್ಚೆಳ್ಳಿನ ಹೊಲಗಳು ಮುಗಿಯುವಲ್ಲಿ, ಕಡಿದಾದ ಒಂದು ಕಲ್ಲುಗುಡ್ಡವಿದೆ. ಅದರ ಬುಡದಲ್ಲಿ ಎಣ್ಣೆ ತೆಗೆಯುವ ಹಳೆಯ ಕಲ್ಲುಗಾಣವೊಂದು ಅರ್ಧ ಹೂತು ನಿಂತಿದೆ. ಈಚೆಗೆ ಯಾರೋ ರಸ್ತೆ ಬದಿಯಲ್ಲಿ ಬೋರ್ಡು ನೆಟ್ಟು ‘ಜೋಳಗಾಣ ಗುಡ್ಡ’ ಎಂದು ಬರೆಸಿದ್ದಾರೆ. ಜೋಳ ಅರೆದು ಎಣ್ಣೆ ತೆಗೆದ ಪುಣ್ಯಾತ್ಮರನ್ನು ಈ ಸೀಮೆಯಲ್ಲಿ ಯಾರೂ ಕಂಡಿಲ್ಲ. ಬರೆಸುವ ಮೊದಲು ಹೊಲದಲ್ಲಿ ಕಳೆ ಕೀಳುವ ಯಾವ ಹೆಂಗಸನ್ನು ಕೇಳಿದ್ದರೂ ಸಾಕಿತ್ತು, ಅದು ಜೊಳ್ಳು ಎಂದು ಹೇಳುತ್ತಿದ್ದಳು. ಜೊಳ್ಳು ಎಂದರೆ ಒಳಗೆ ಕಾಳಿಲ್ಲದ ಬರೀ ಸಿಪ್ಪೆ. ಗಾಣಕ್ಕೆ ಆ ಹೆಸರು ಬಂದದ್ದು ಒಬ್ಬ ತಾಯಿಯ ಒಡಲುರಿಯಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಕಾಟನಾಯಕನೆಂಬ ಪಾಳೇಗಾರ ಆಳುತ್ತಿದ್ದನು. ಗುಡ್ಡದ ಕೆಳಗೆ ಬೊಮ್ಮವ್ವನೆಂಬ ಗಾಣಿಗರ ಹೆಂಗಸು ಗಂಡ ಸತ್ತ ಮೇಲೆ ಕಂಕುಳಲ್ಲಿ ಕೂಸು, ಕೈಯಲ್ಲಿ ಬಾರುಕೋಲು ಹಿಡಿದು ತಾನೇ ಗಾಣ ಹೊಡೆಯುತ್ತಿದ್ದಳು. ಅರಮನೆಯ ದೀಪಾವಳಿಗೆ ಎಣ್ಣೆ ಹೋಗುತ್ತಿದ್ದದ್ದು ಅವಳ ಗಾಣದಿಂದಲೇ. ಆ ಕಾಲಕ್ಕೆ ಬಂಡೆಯ ಮೈತುಂಬ ಹೆಜ್ಜೇನು ತೊಟ್ಟಿಲಿನಂತೆ ತೂಗುತ್ತಿತ್ತು. ಪೊಟರೆಗಳಲ್ಲಿ ತುಡುವೆ ಜೇನು, ಬೇಲಿಗಳಲ್ಲಿ ಕೋಲುಜೇನು ಇದ್ದವು. ಜನ ಜೇನು ಇಳಿಸುತ್ತಿದ್ದರು, ಆದರೆ ತುಪ್ಪವಿರುವ ಭಾಗವನ್ನಷ್ಟೇ ಕೊಯ್ದು, ಮರಿಯಿರುವ ಭಾಗವನ್ನು ಹಾಗೆಯೇ ಬಿಟ್ಟು ಬರುತ್ತಿದ್ದರು. ಒಂದು ಬೇಸಗೆಯಲ್ಲಿ ಬೇಟೆಗೆ ಬಂದ ಕಾಟನಾಯಕ ಸರಿಯಾಗಿ ಆ ಬಂಡೆಯ ಕೆಳಗೇ ಒಲೆ ಹೂಡಿಸಿ ಮಾಂಸ ಸುಡಿಸಿದನು. ಹೊಗೆಗೆ ಕೆರಳಿದ ಹೆಜ್ಜೇನು ಮೇಲೆರಗಿತು. ದೊರೆ ಪೇಟ ಬಿಸಾಕಿ ಓಡಿ, ಕಾರೆಮುಳ್ಳಿನ ಪೊದೆಯೊಳಗೆ ತಲೆ ತೂರಿಸಿದ್ದನ್ನು ಕಂಡು ಕುರಿಗಾಹಿಗಳು ಬಿದ್ದುಬಿದ್ದು ನಕ್ಕರಂತೆ. ಕಡಿತದ ಉರಿ ನಾಲ್ಕು ದಿನಕ್ಕೆ ಇಳಿಯಿತು, ನಗೆಯ ಉರಿ ಇಳಿಯಲಿಲ್ಲ. ಅವನು ಆಳುಗಳನ್ನು ಕಳಿಸಿ, ಬಂಡೆಯ ನೆತ್ತಿಯಿಂದ ಹುಲ್ಲಿನ ಪಂಜು ಇಳಿಬಿಟ್ಟು ಹೆಜ್ಜೇನನ್ನೆಲ್ಲ ಮರಿಸಮೇತ ಸುಡಿಸಿದನು. ಅಷ್ಟು ಸಾಲದೆ ಪೊಟರೆಗಳಿಗೆ ಕೆಸರು ಮೆತ್ತಿಸಿದನು, ಬೇಲಿಗಳಿಗೂ ಬೆಂಕಿ ಹಾಕಿಸಿದನು. ಹುಳುವಿನ ಮೇಲೆ ದಂಡೆತ್ತಿ ಹೋಗಿ ಗೆದ್ದು ಬಂದವನೆಂದರೆ ಅವನೊಬ್ಬನೇ.

ಆ ವರ್ಷ ಮಳೆ ಚೆನ್ನಾಗಿಯೇ ಬಂತು. ಹುಚ್ಚೆಳ್ಳಿನ ಬಯಲು ಅರಿಶಿನ ಚೆಲ್ಲಿದಂತೆ ಹೂಬಿಟ್ಟಿತು. ಆದರೆ ಹೊಲದಲ್ಲಿ ಗುಂಯ್ ಎನ್ನುವ ಸದ್ದೇ ಇರಲಿಲ್ಲ. ಬೊಮ್ಮವ್ವ ಕಿವಿಗೊಟ್ಟುಕೊಂಡೇ ಹೊಲದಿಂದ ಹೊಲಕ್ಕೆ ನಡೆದು ನೋಡಿದಳು. ಕೊಯ್ದು ಬಡಿದಾಗ ರಾಶಿಯೇನೋ ಬಿತ್ತು, ಗಾಣಕ್ಕೆ ಹಾಕಿದರೆ ಎಣ್ಣೆ ಬರಲಿಲ್ಲ. ದೀಪಾವಳಿಗೆ ಬರಿಗೈಯಲ್ಲಿ ಹೋಗಿ ನಿಂತವಳಿಗೆ ಕಾಟನಾಯಕ ತುಂಬಿದ ಸಭೆಯಲ್ಲಿ ಕಳ್ಳಿ ಎಂದನು. ಈ ಸುಗ್ಗಿಯ ಕಾಳನ್ನೇ ಅರಮನೆಯ ಕಣಜದಿಂದ ಮೂಟೆ ಮೂಟೆ ಕೊಟ್ಟಿದ್ದೇನೆ, ನಾಳೆಯೊಳಗೆ ಎಣ್ಣೆ ತಂದೊಪ್ಪಿಸದಿದ್ದರೆ ಬಲಗೈ ಕಡಿಸುತ್ತೇನೆ ಎಂದನು. ಆ ಕೈ ಹೋದರೆ ಗಾಣ ಹೊಡೆಯುವವರಾರು, ಕೂಸಿಗೆ ಅಂಬಲಿ ಕಾಯಿಸುವವರಾರು? ಆದರೂ ಅವಳು ಕಾಲಿಗೆ ಬೀಳಲಿಲ್ಲ.

“ನಿಮ್ಮ ಕಣಜದ ಮೂಟೆಯನ್ನೇ ಹೊರಿಸಿಕೊಂಡು ಬನ್ನಿ ದೊರೆ. ನಿಮ್ಮ ಕಣ್ಣೆದುರಿಗೇ ಅರೀತೀನಿ. ಒಂದು ತೊಟ್ಟು ಬಂದರೂ ಎರಡೂ ಕೈ ಕಡಿಸಿ,” ಎಂದಳು.

ಮರುದಿನ ಊರೆಲ್ಲ ಗಾಣದ ಸುತ್ತ ನೆರೆಯಿತು. ಎತ್ತು ಸುತ್ತಿ ಸುತ್ತಿ ಬಾಯಲ್ಲಿ ನೊರೆ ತಂದುಕೊಂಡಿತು. ಗಾಣದಿಂದ ಎದ್ದದ್ದು ಜೊಳ್ಳಿನ ದೂಳು ಮಾತ್ರ. ಬೊಮ್ಮವ್ವ ಮೂಟೆಯಿಂದ ಒಂದು ಹಿಡಿ ಬಾಚಿ ದೊರೆಯ ಮುಖದ ಮುಂದೆ ಹಿಡಿದು ಉಫ್ ಎಂದು ಊದಿದಳು. ಇಡೀ ಹಿಡಿ ಹಾರಿ ಅವನ ಮೀಸೆಗೆ ಅಂಟಿಕೊಂಡಿತು.

“ನಾನು ಕದ್ದ ಎಣ್ಣೆ ಇದೇ ನೋಡಿ. ಹೂವಿಂದ ಹೂವಿಗೆ ಓಡಾಡಿ ಕಾಳು ಕಟ್ಟಿಸುತ್ತಿದ್ದವರನ್ನ ನೀವು ಸುಟ್ಟಿರಿ. ಬರೋ ವರ್ಷ ಆ ಕೆಲಸಕ್ಕೆ ನಿಮ್ಮ ದಂಡನ್ನ ಕಳಿಸ್ತೀರೋ, ನೀವೇ ಹಾರಿಕೊಂಡು ಬರ್ತೀರೋ?”

ಯಾರೂ ನಗಲಿಲ್ಲ, ನಗುವ ಕಾಲ ಅದಾಗಿರಲಿಲ್ಲ. ಕಾಟನಾಯಕ ಮೀಸೆ ಒರೆಸಿಕೊಂಡು, ಹೋಗಲಿ ಬಿಡು, ಒಂದು ಜೋಡಿ ಎತ್ತು ಕೊಡಿಸುತ್ತೇನೆ ಎಂದನು. “ಎತ್ತು ಬೇಡ. ಕಳ್ಳಿ ಅಂದ ಮಾತನ್ನ ಇದೇ ಜನರೆದುರು ವಾಪಸು ತಗೊಳ್ಳಿ,” ಎಂದಳು ಬೊಮ್ಮವ್ವ. ಸಾವಿರ ಜೇನುಹುಟ್ಟು ಸುಡಲು ಬಾಯಿ ತೆರೆದಿದ್ದವನು ಆ ಒಂದು ಮಾತಿಗೆ ಬಾಯಿ ತೆರೆಯದೆ ಕುದುರೆ ಹತ್ತಿದನು. ಅವಳು ಗಾಣದ ಒನಕೆಯನ್ನು ಕಿತ್ತು ಒಲೆಗೆ ಹಾಕಿ, ಕೂಸನ್ನೆತ್ತಿಕೊಂಡು ಸೀಮೆ ದಾಟಿದಳು. ಮತ್ತೆ ಆ ಗಾಣ ತಿರುಗಲಿಲ್ಲ. ಗುಡ್ಡದ ಮೇಲೆ ಯಾರೂ ಬೆಂಕಿ ಹಚ್ಚಕೂಡದೆಂದು ಊರವರೇ ಕಟ್ಟು ಮಾಡಿಕೊಂಡರು. ಪೊಟರೆಗಳ ಕೆಸರನ್ನೂ ಕೆದಕಿ ತೆಗೆದರು. ಎಷ್ಟೋ ವರ್ಷಗಳ ಮೇಲೆ ಜೇನು ಮರಳಿತು ಎನ್ನುತ್ತಾರೆ.

ಇಂದು ಹೋದವರಿಗೆ ಗಾಣದ ಕುಳಿಯಲ್ಲಿ ನಿಂತ ಮಳೆನೀರಿಗೆ ಜೇನುಗಳು ಇಳಿದು ಕುಡಿಯುವುದು ಕಾಣುತ್ತದೆ. ನೋಡಿ ಸುಮ್ಮನೆ ಬರುವವರೂ ಉಂಟು. ಮೊಬೈಲು ಹಿಡಿದುಕೊಂಡು ಜೇನಿಗೆ ಕಲ್ಲು ಬೀರುವವರು, ಬಂಡೆಯ ಕೆಳಗೆ ಬಿರಿಯಾನಿ ಬೇಯಿಸಲು ಒಲೆ ಹೂಡುವವರು ಇನ್ನೂ ಹೆಚ್ಚು. ಬೆಂಕಿಪೊಟ್ಟಣ ಹೊರಬಿದ್ದದ್ದೇ ತಡ, ಹೊಲದಲ್ಲಿ ಬಗ್ಗಿದ ಹೆಂಗಸರು ಕುಡುಗೋಲು ಹಿಡಿದು ನೆಟ್ಟಗಾಗುತ್ತಾರೆ. ಬಂದವನ ಊರು ಕೇಳುವುದಿಲ್ಲ, ಹೆಸರು ಕೇಳುವುದಿಲ್ಲ.

“ಏಯ್ ಕಾಟನಾಯಕ! ಆರಿಸೋ ಅದನ್ನ!”