ಒಂದೊಂದು ಎಳೆಗೂ ಗಂಟು

ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಒಂದು ಗೀಜಗವಿತ್ತು. ಅದಕ್ಕೆ ರೆಕ್ಕೆ ನಡುಗುವ ಕಾಯಿಲೆ. ನಡುಕ ಹೇಳಿ ಬರುವಂಥದ್ದಲ್ಲ. ಬಂದಾಗ ಕೊಕ್ಕಿನ ಎಳೆ ಜಾರಿ, ಅರ್ಧ ಹೆಣೆದ ಗೂಡೆಲ್ಲ ಬಿಚ್ಚಿಕೊಂಡು ಬಾವಿಗೆ ಬೀಳುತ್ತಿತ್ತು. ಎರಡು ಗೂಡು ಹಾಗೆ ಹೋದ ಮೇಲೆ, ಮೊಟ್ಟೆಯಿಡುವ ಕಾಲ ಹತ್ತಿರವಾದರೂ ಗೀಜಗ ಸುಮ್ಮನೆ ಕುಳಿತುಬಿಟ್ಟಿತು.

"ಏನಯ್ಯಾ, ಇವತ್ತೂ ನಡುಕವೇ?" ಎಂದು ಅದೇ ಮರದ ಅಳಿಲು ಕೇಳಿತು.

"ಇಲ್ಲ. ಯಾವ ಗಳಿಗೆಯಲ್ಲಿ ಬರುತ್ತದೋ ಎಂದು ಕಾಯುತ್ತಿದ್ದೇನೆ."

"ಭಲೇ! ಬಂದರೂ ರಜೆ, ಬರದಿದ್ದರೂ ರಜೆ!"

ಆ ಮಾತು ಚುರುಕ್ಕೆಂದು ತಾಗಿತು. ಗೀಜಗ ಹಾರಿಹೋಗಿ ಹುಲ್ಲಿನ ಎಳೆ ತಂದಿತು. ಈ ಸಲ ಒಂದು ಎಳೆಗೆ ಗಂಟು ಬಿಗಿಯದೆ ಇನ್ನೊಂದನ್ನು ಮುಟ್ಟಲಿಲ್ಲ.

"ಇಷ್ಟು ನಿಧಾನವಾಗಿ ಕಟ್ಟಿದರೆ ಮುಗಿದ ಹಾಗೇ!" ಎಂದು ಅಳಿಲು ನಕ್ಕಿತು.

ಗೂಡು ಅರ್ಧವಾದಾಗ ನಡುಕ ಬಂತು. ಗೀಜಗ ಕೊಂಬೆಯನ್ನು ಅವಚಿಕೊಂಡು ಕಣ್ಣು ಮುಚ್ಚಿತು. ಅತ್ತಿತು ಕೂಡ. ನಡುಕ ನಿಂತ ಮೇಲೆ ಕಣ್ಣು ಬಿಟ್ಟು ನೋಡಿದರೆ, ಬಾವಿಗೆ ಬಿದ್ದದ್ದು ಕೊಕ್ಕಿನಲ್ಲಿದ್ದ ಆ ಒಂದೇ ಎಳೆ. ಗೂಡು ಗಾಳಿಗೆ ತೂಗುತ್ತಿತ್ತು.

ಗೀಜಗ ಇನ್ನೊಂದು ಎಳೆ ತಂದಿತು.

"ಮತ್ತೆ ಬಂದರೆ?" ಅಳಿಲು ಮೆಲ್ಲಗೆ ಕೇಳಿತು.

"ಬಂದೇ ಬರುತ್ತದೆ. ಈಗ ಮಾತಾಡಿಸಬೇಡ, ಅಷ್ಟರೊಳಗೆ ಈ ಗಂಟು ಬಿಗಿಯಬೇಕು."